ಒಪ್ಪತ್ತೋ, ಫಲಾಹಾರವೋ?

ಶ್ರಾವಣ ಮಾಸದಲ್ಲಿ ಹಿಪ್ಪರಗಿಗೆ ಹೋದವರ ಕಣ್ಣಿಗೆ ಎರಡು ಸಂಗತಿಗಳು ಬೀಳದೆ ಇರಲಾರವು. ಒಂದು, ಮಹಾರಾಷ್ಟ್ರದ ಘಟ್ಟಗಳ ಮಳೆಯನ್ನೆಲ್ಲ ಹೊತ್ತು ಕೆಂಪಾಗಿ ತುಂಬಿ ಹರಿಯುವ ಕೃಷ್ಣೆ. ಮತ್ತೊಂದು, ಸೋಮವಾರದ ದಿನ ಒಲೆಯ ಮೇಲೆ ಹಂಚು ಏರದಿರುವ ಮನೆಗಳು. ಉಳಿದ ದಿನಗಳಲ್ಲಿ ಬೆಳಗಿನಿಂದಲೇ ಕೇಳಿಬರುವ ರೊಟ್ಟಿ ಬಡಿಯುವ ಸದ್ದು ಅಂದು ದೀಪ ಹಚ್ಚುವ ಹೊತ್ತಿನವರೆಗೂ ಅಡಗಿರುತ್ತದೆ. ಶಿವನಿಗೆ ಬಿಲ್ವಪತ್ರೆ ಏರಿಸಿ, ಸಂಜೆಯ ಪೂಜೆ ಮುಗಿದ ಅನಂತರವೇ ಊಟ. ದಿನಕ್ಕೆ ಒಂದೇ ಹೊತ್ತು ಉಣ್ಣುವ ಈ ನೇಮಕ್ಕೆ ನಮ್ಮ ಕಡೆ ಒಪ್ಪತ್ತು ಎಂದು ಹೆಸರು.

ಕಳೆದ ಶ್ರಾವಣದಲ್ಲಿ ನಾನು ಊರಿಗೆ ಹೋದಾಗ ನಮ್ಮ ದೊಡ್ಡವ್ವನ ಮನೆಯಲ್ಲಿ ಇಬ್ಬರು ಉಪವಾಸಿಗಳಿದ್ದರು. ಒಬ್ಬರು ಅರುವತ್ತೆಂಟು ವರ್ಷದ ದೊಡ್ಡವ್ವ. ಮತ್ತೊಬ್ಬಳು ಪುಣೆಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ದುಡಿಯುತ್ತ, ಮಳೆಗಾಲದ ಕೆಲವು ವಾರಗಳನ್ನು ಅಜ್ಜಿಯ ಮನೆಯಿಂದಲೇ ಕೆಲಸ ಮಾಡಿ ಕಳೆಯಲು ಬಂದಿದ್ದ ಆಕೆಯ ಮೊಮ್ಮಗಳು. ಬೆಳಗಿನ ಎಂಟು ಗಂಟೆಗೆ ಅಡುಗೆಮನೆಯಲ್ಲಿ ನಡೆದ ಮಾತುಕತೆ ಇದು:

"ಆಯೀ, ನನಗ ನಾಷ್ಟಾ ಬ್ಯಾಡ. ಹನ್ನೆರಡರ ತನಕಾ ನಾ ಏನೂ ತಿನ್ನೂದಿಲ್ಲ."

"ಯಾಕ ಯವ್ವಾ, ನಿನಗೂ ಸೋಮವಾರ ಐತೇನು?"

"ನನಗ ದಿನಾನೂ ಸೋಮವಾರನ, ಆಯೀ!"

ಹುಡುಗಿಯದು ಹೊಸ ಕಾಲದ ವ್ರತ. ದಿನದ 24 ತಾಸುಗಳಲ್ಲಿ 16 ತಾಸು ಹೊಟ್ಟೆಗೆ ವಿರಾಮ ಕೊಟ್ಟು, ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರೊಳಗೆ ಮಾತ್ರ ಉಣ್ಣುವುದು. ಇಂಗ್ಲೆಂಡಿನ ವೈದ್ಯ ಪತ್ರಕರ್ತ ಮೈಕೆಲ್ ಮೋಸ್ಲಿಯವರು 2012ರಲ್ಲಿ ದೂರದರ್ಶನ ಕಾರ್ಯಕ್ರಮವೊಂದರ ಮೂಲಕ ವಾರಕ್ಕೆ ಎರಡು ದಿನ ಅಲ್ಪಾಹಾರದ ಪದ್ಧತಿಯನ್ನು ಜನಪ್ರಿಯಗೊಳಿಸಿದ ಮೇಲೆ ಇಂಥ ಬಿಡುವಿನ ಉಪವಾಸಗಳು ಲೋಕವನ್ನೆಲ್ಲ ಸುತ್ತಿ ಬಂದಿವೆ. ದೊಡ್ಡವ್ವನದೋ ತಲೆಮಾರುಗಳಿಂದ ಬಂದ ನೇಮ. ಇಬ್ಬರ ದಾರಿ ಬೇರೆಯಾದರೂ ಇಬ್ಬರನ್ನೂ ಕಾಡುವ ಪ್ರಶ್ನೆ ಒಂದೇ: ನಡುವೆ ಹಸಿವಾದರೆ ಏನಾದರೂ ತಿನ್ನಬಹುದೆ, ಅಥವಾ ಹೊತ್ತಿನ ಊಟವನ್ನು ಪೂರ್ತಿಯಾಗಿ ಬಿಟ್ಟೇಬಿಡಬೇಕೆ?

ದೊಡ್ಡವ್ವನ ಉತ್ತರ ಸಿದ್ಧವಾಗಿತ್ತು. ಬೆಳಿಗ್ಗೆ ಎರಡು ಬಾಳೆಹಣ್ಣು. ಹತ್ತು ಗಂಟೆಗೆ ಒಂದು ತಾಟು ಸಾಬೂದಾಣಿ ಖಿಚಡಿ. ಮಧ್ಯಾಹ್ನ ಎರಡು ಶೇಂಗಾ ಉಂಡಿ. ನಡುನಡುವೆ ಸಕ್ಕರೆ ಹಾಕಿದ ಮೂರು ಬಟ್ಟಲು ಚಹಾ. ಮೊಮ್ಮಗಳೂ ಕಡಿಮೆಯವಳಲ್ಲ. ಹನ್ನೊಂದು ಗಂಟೆಗೆ ಡಬ್ಬಿಯೊಳಗಿನ ಚೂಡಾವನ್ನು ಒಂದೊಂದೇ ಮುಕ್ಕು ಬಾಯಿಗೆ ಹಾಕಿಕೊಳ್ಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ನನಗೆ ನಗು ತಡೆಯಲಾಗಲಿಲ್ಲ. ಪಂಢರಪುರದ ವಾರಿಗೆ ಹೋಗಿಬರುವ ನಮ್ಮ ಭಾಗದವರೆಲ್ಲರಿಗೂ ಗೊತ್ತಿರುವ ಮರಾಠಿ ಗಾದೆಯೊಂದನ್ನು ಹೇಳಿಬಿಟ್ಟೆ: "ದೊಡ್ಡವ್ವಾ, ನಿಂದು ಏಕಾದಶಿ, ದುಪ್ಪಟ್ ಖಾಶಿ!" ಉಪವಾಸದ ದಿನ ಎರಡರಷ್ಟು ತಿನ್ನುವುದು ಎಂದು ಅದರ ಅರ್ಥ. ಮೊಮ್ಮಗಳು ನಕ್ಕಳು. ದೊಡ್ಡವ್ವ ನಗಲಿಲ್ಲ. ನಾನು ಅದನ್ನು ಗಮನಿಸಬೇಕಾಗಿತ್ತು.

ತಾಟಿನ ಲೆಕ್ಕ

ಗಾದೆಯ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಒಣ ಸಾಬೂದಾಣಿ 100 ಗ್ರಾಮಿಗೆ ಸುಮಾರು 350 ಕ್ಯಾಲೊರಿ ಶಕ್ತಿ. ಅದಕ್ಕೆ ಬೀಳುವ ಶೇಂಗಾ ಪುಡಿ 30 ಗ್ರಾಮಿಗೆ 170. ಎರಡು ಚಿಕ್ಕ ಚಮಚ ತುಪ್ಪಕ್ಕೆ 90. ಒಟ್ಟು 610 ಆಯಿತು. ಇನ್ನು ಬಿಡುವೆನೆಂದ ಊಟದ ಲೆಕ್ಕ ನೋಡಿ. ತಲಾ 60 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿಗಳಿಗೆ 400 ಕ್ಯಾಲೊರಿ. ಪಲ್ಯ, ಬೇಳೆ ಸೇರಿದರೂ 600ನ್ನು ದಾಟುವುದು ಕಷ್ಟ. ಎಂದರೆ ಒಂದು ತಾಟು ಖಿಚಡಿಯೇ ಬಿಟ್ಟ ಊಟಕ್ಕೆ ಸಮವಾಯಿತು. ಬಾಳೆಹಣ್ಣು, ಉಂಡಿ, ಚಹಾ ಸೇರಿದರೆ ಫಲಾಹಾರವು 1300 ಕ್ಯಾಲೊರಿಯ ಆಚೀಚೆ ನಿಲ್ಲುತ್ತದೆ. ಸಂಜೆಯ ಹೋಳಿಗೆ ಊಟ ಇನ್ನೂ ಬಾಕಿ!

ಗುಣದಲ್ಲಿಯೂ ಅಂತರವುಂಟು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವಿದ್ದರೆ, ಸಾಬೂದಾಣಿಯಲ್ಲಿ ಒಂದು ಗ್ರಾಮೂ ಇರುವುದಿಲ್ಲ. ಅದು ಮರಗೆಣಸಿನಿಂದ ತೆಗೆದ ಶುದ್ಧ ಪಿಷ್ಟ. ಬೇಗ ಜೀರ್ಣವಾಗಿ ರಕ್ತಕ್ಕೆ ಸಕ್ಕರೆಯಾಗಿ ಸೇರುತ್ತದೆ. ಇಲ್ಲಿ ಮತ್ತೊಂದು ಸ್ವಾರಸ್ಯವನ್ನು ಓದುಗರು ಗಮನಿಸಬೇಕು. ಮರಗೆಣಸು, ಶೇಂಗಾ, ಬಟಾಟೆ, ಹಸಿಮೆಣಸಿನಕಾಯಿ—ಖಿಚಡಿಯ ತಾಟಿನ ಈ ನಾಲ್ಕೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಭಾರತಕ್ಕೆ ಬರುವ ಮೊದಲು ನಮ್ಮ ಹಿರಿಯರು ಇವುಗಳ ಹೆಸರನ್ನೂ ಕೇಳಿರಲಿಲ್ಲ. ಸನಾತನವೆಂದು ನಾವು ತಿಳಿದಿರುವ ಉಪವಾಸದ ತಾಟು ಕೆಲವೇ ಶತಮಾನಗಳ ಹಿಂದಿನದು.

ಬ್ಯಾರೇಜು ಮತ್ತು ಜಲಾಶಯ

ಹಾಗಾದರೆ ಏನನ್ನೂ ತಿನ್ನದಿದ್ದರೆ ದೇಹದಲ್ಲಿ ಏನಾಗುತ್ತದೆ? ಇದನ್ನು ತಿಳಿಯಲು ಹಿಪ್ಪರಗಿಯವರಿಗೆ ಉಪಮಾನವು ಊರ ಮುಂದೆಯೇ ಇದೆ. ಇಲ್ಲಿಯ ಬ್ಯಾರೇಜಿನಲ್ಲಿ ನಿಲ್ಲುವ ನೀರು ಸ್ವಲ್ಪ; ತುಂಬುವುದೂ ಬೇಗ, ಇಳಿಯುವುದೂ ಬೇಗ. ಕೆಳಗೆ ಆಲಮಟ್ಟಿಯಲ್ಲಿರುವುದು 123 ಟಿ.ಎಂ.ಸಿ. ಅಡಿಗಳ ಮಹಾಜಲಾಶಯ. ನಮ್ಮ ದೇಹದಲ್ಲಿಯೂ ಇಂಥ ಎರಡು ಸಂಗ್ರಹಗಳಿವೆ. ಉಂಡ ಅನ್ನದ ಸಕ್ಕರೆಯಲ್ಲಿ ಸುಮಾರು 100 ಗ್ರಾಮಿನಷ್ಟನ್ನು ಯಕೃತ್ತು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಇದು ಬ್ಯಾರೇಜು, ಕೇವಲ 400 ಕ್ಯಾಲೊರಿಯ ಗಂಟು. ಚರ್ಮದಡಿಯಲ್ಲಿಯೂ ಹೊಟ್ಟೆಯ ಸುತ್ತಲೂ ಇರುವ ಕೊಬ್ಬು ಆಲಮಟ್ಟಿಯಂತೆ. ಅದರ ಒಂದೊಂದು ಕಿಲೋಗ್ರಾಮಿನಲ್ಲಿಯೂ ಸುಮಾರು 7700 ಕ್ಯಾಲೊರಿ ಅಡಗಿದೆ.

ಊಟವಾದ ಮೇಲೆ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ; ಅದು ಇರುವವರೆಗೆ ಕೊಬ್ಬಿನ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಹನ್ನೆರಡು ತಾಸುಗಳ ಆಚೆಗೆ ಯಕೃತ್ತಿನ ಸಂಗ್ರಹ ಇಳಿಯುತ್ತ ಬಂದಂತೆ ಕೊಬ್ಬು ಹೆಚ್ಚು ಹೆಚ್ಚಾಗಿ ಕರಗಿ ಕೆಲಸಕ್ಕೆ ಒದಗುತ್ತದೆ. ನಡುವೆ ಒಂದು ಉಂಡಿಯನ್ನೋ ಸಿಹಿ ಚಹಾವನ್ನೋ ಸೇವಿಸಿದರೆ ಇನ್ಸುಲಿನ್ ಮತ್ತೆ ಏರಿ, ಬಾಗಿಲು ಪುನಃ ಮುಚ್ಚುತ್ತದೆ. ಆದುದರಿಂದ ಹೊಸ ಕಾಲದ ಉಪವಾಸ ಮಾಡುವವರು ಬಿಡುವಿನ ತಾಸುಗಳಲ್ಲಿ ನೀರು, ಹಾಲು ಸಕ್ಕರೆಯಿಲ್ಲದ ಚಹಾ, ಇಷ್ಟಕ್ಕೇ ನಿಲ್ಲಿಸುವುದು ಯುಕ್ತವೇ ಸರಿ. ಚೂಡಾದ ಮುಕ್ಕು ಎಷ್ಟೇ ಚಿಕ್ಕದಾದರೂ ಲೆಕ್ಕಕ್ಕೆ ಬರುತ್ತದೆ.

ಆದರೆ ಹಸಿವು? ಅದೂ ನದಿಯ ಅಲೆಯಂತೆಯೇ. ಹೊಟ್ಟೆಯಿಂದ ಹೊರಡುವ ಗ್ರೆಲಿನ್ ಎಂಬ ರಸವನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ನಾವು ನಿತ್ಯ ಉಣ್ಣುವ ವೇಳೆ ಸಮೀಪಿಸಿದಾಗ ಅದು ರಕ್ತದಲ್ಲಿ ಏರುತ್ತದೆ. ಉಣ್ಣದೆ ಸುಮ್ಮನಿದ್ದರೂ ಕೆಲ ಹೊತ್ತಿನಲ್ಲಿ ತಾನೇ ಇಳಿಯುತ್ತದೆ. ಹನ್ನೊಂದಕ್ಕೆ ಸಂಕಟಪಟ್ಟ ಮನುಷ್ಯ ಹನ್ನೆರಡಕ್ಕೆ ಅದನ್ನು ಮರೆತು ಕೆಲಸದಲ್ಲಿ ಮುಳುಗಿರುವುದು ಈ ಕಾರಣದಿಂದಲೇ. ಆರೋಗ್ಯವಂತರು ಒಂದು ಲೋಟ ನೀರು ಕುಡಿದು ಅರ್ಧ ತಾಸು ಕಾಯ್ದರೆ ಸಾಕು, ಅಲೆ ದಾಟಿಹೋಗುತ್ತದೆ.

ತಕ್ಕಡಿ ಹೇಳುವುದೇನು?

ಇಷ್ಟನ್ನು ಕೇಳಿದ ಕೂಡಲೇ "ಹಾಗಾದರೆ ಊಟ ಬಿಡುವುದೇ ಪರಮೌಷಧ" ಎಂದು ತೀರ್ಮಾನಿಸಬಾರದು. ಅಮೆರಿಕದ ಸಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಪರೀಕ್ಷೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಅದರಲ್ಲಿ 116 ಜನ ಸ್ಥೂಲಕಾಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಮನಸ್ಸಿಗೆ ಬಂದಷ್ಟು ಉಣ್ಣಬೇಕು. ಮತ್ತೊಂದು ಗುಂಪಿನವರು ದಿನಕ್ಕೆ ಮೂರು ಊಟ, ನಡುವೆ ಬೇಕಾದರೆ ತಿಂಡಿ. ಹನ್ನೆರಡು ವಾರಗಳ ಕೊನೆಗೆ ತೂಗಿ ನೋಡಿದರೆ, ಒಂದು ಗುಂಪಿನವರಲ್ಲಿ ಸರಾಸರಿ ಒಂದು ಕಿಲೋದಷ್ಟೂ ಇಳಿದಿರಲಿಲ್ಲ. ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವೂ ಕಾಣಲಿಲ್ಲ. ಅಷ್ಟೇ ಅಲ್ಲ, ಊಟ ಬಿಟ್ಟವರಲ್ಲಿ ಕೆಲವರನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ, ಇಳಿದ ತೂಕದ ದೊಡ್ಡ ಪಾಲು ಕೊಬ್ಬಿನದಾಗಿರದೆ ಮಾಂಸಖಂಡ ಮೊದಲಾದ ಕೊಬ್ಬಿಲ್ಲದ ಭಾಗದ್ದಾಗಿತ್ತು.

ಚೀನದ ಗುವಾಂಗ್‌ಜೌ ನಗರದಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯೂ ಇದನ್ನೇ ಸಾರಿತು. ಅಲ್ಲಿ ಇಬ್ಬಗೆಯವರಿಗೂ ಆಹಾರದ ಮೊತ್ತವನ್ನು ಒಂದೇ ಸಮನಾಗಿ ಕಡಿಮೆ ಮಾಡಲಾಗಿತ್ತು. ಒಂದು ಗುಂಪಿನವರು ಮಾತ್ರ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಉಂಡು ಮುಗಿಸಬೇಕು. ಅವರ ತೂಕ 8 ಕಿಲೋ ಇಳಿಯಿತು. ವೇಳೆಯ ಕಟ್ಟಿಲ್ಲದವರದು 6.3 ಕಿಲೋ. ಈ ಅಂತರವು ಆಕಸ್ಮಿಕವಾಗಿರಬಹುದೆಂದು ಸಂಶೋಧಕರು ಹೇಳಿದರು. ಗಡಿಯಾರಕ್ಕಿಂತ ತಾಟು ಮುಖ್ಯವೆಂಬುದು ಇದರಿಂದ ಸ್ಪಷ್ಟ. ಉಪವಾಸದಿಂದ ತೂಕ ಇಳಿಯುವುದು ನಿಜ. ಆದರೆ ಒಟ್ಟು ಆಹಾರ ಕಡಿಮೆಯಾದರೆ ಮಾತ್ರ. ಒಂದು ಊಟ ಬಿಟ್ಟು, ಆ ಸಿಟ್ಟನ್ನೆಲ್ಲ ರಾತ್ರಿಯ ಊಟದ ಮೇಲೆ ತೀರಿಸಿಕೊಂಡರೆ ಫಲವಿಲ್ಲ.

ಹಾಗೆಂದು ಗಡಿಯಾರವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಅಮೆರಿಕದ ಅಲಬಾಮಾದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ ಎಂಟು ಜನ ಗಂಡಸರಿಗೆ ಐದು ವಾರ ಕಾಲ ಮಧ್ಯಾಹ್ನ ಮೂರರೊಳಗೆ ಊಟ ಮುಗಿಸುವ ಕ್ರಮವನ್ನು ವಿಧಿಸಿದಾಗ, ತೂಕ ಇಳಿಯದಿದ್ದರೂ ಅವರ ದೇಹಕ್ಕೆ ಇನ್ಸುಲಿನ್ ಹೆಚ್ಚು ಚೆನ್ನಾಗಿ ಒಗ್ಗಿತೆಂದು 2018ರಲ್ಲಿ ತಿಳಿದುಬಂದಿತು. ಪರೀಕ್ಷೆ ಚಿಕ್ಕದು, ಆದರೆ ಹಿಪ್ಪರಗಿಗೆ ಸಮೀಪದ ತೇರದಾಳದ ಜೈನ ಮನೆಗಳಲ್ಲಿ ಹೊತ್ತು ಮುಳುಗುವ ಮುನ್ನ ಉಣ್ಣುವ ಪದ್ಧತಿಯನ್ನು ಬಲ್ಲವರಿಗೆ ಇದು ತೀರ ಹೊಸ ಮಾತೆನಿಸಲಾರದು. ಗಾಂಧೀಜಿಯವರು 1915ರ ಹರಿದ್ವಾರದ ಕುಂಭಮೇಳದಲ್ಲಿ ತೊಟ್ಟ ವ್ರತವೂ ಈ ಬಗೆಯದೇ: ದಿನಕ್ಕೆ ಐದು ಪದಾರ್ಥಗಳಿಗಿಂತ ಹೆಚ್ಚು ತಿನ್ನಬಾರದು, ಕತ್ತಲಾದ ಮೇಲೆ ಉಣ್ಣಬಾರದು. ಅವರು ಕಟ್ಟು ಹಾಕಿದ್ದು ಗಡಿಯಾರಕ್ಕೆ ಮಾತ್ರವಲ್ಲ, ತಾಟಿಗೂ ಎಂಬುದನ್ನು ಗಮನಿಸಬೇಕು.

ಎರಡನೆಯ ಸೋಮವಾರ

ಇಲ್ಲಿಯವರೆಗಿನ ವಿಚಾರವೆಲ್ಲ ಆರೋಗ್ಯವಂತರಿಗೆ. ದೊಡ್ಡವ್ವ ಆ ಸಾಲಿನವರಲ್ಲ. ಆಕೆಗೆ ಆರು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ; ದಿನವೂ ಬೆಳಿಗ್ಗೆ ಒಂದು ಗುಳಿಗೆ. ಅದನ್ನು ತಿಳಿದೂ ನಾನು ಗಾದೆ ಹೇಳಿ ನಕ್ಕಿದ್ದೆ.

ಮರುವಾರ ನಾನು ಊರಿನಲ್ಲಿರಲಿಲ್ಲ. ಮಂಗಳವಾರ ಬೆಳಿಗ್ಗೆ ಮೊಮ್ಮಗಳು ದೂರವಾಣಿಯಲ್ಲಿ ಸಂಗತಿ ತಿಳಿಸಿದಳು. "ಕಾಕಾ, ನಿನ್ನೆ ಆಯಿ ಹಣ್ಣೂ ತಿನ್ನಲಿಲ್ಲ, ಚಹಾನೂ ಕುಡೀಲಿಲ್ಲ. ಕೇಳಿದ್ರ, ಈ ಸಲ ಯಾರ ಕಡೆಯಿಂದಾನೂ ದುಪ್ಪಟ್ ಖಾಶಿ ಅನ್ನಿಸಿಕೊಳ್ಳೂದಿಲ್ಲ ಅಂದ್ಲು." ಗುಳಿಗೆಯನ್ನು ಮಾತ್ರ ತಪ್ಪದೆ ನುಂಗಿದ್ದಳು. ಮಧ್ಯಾಹ್ನ ನಾಲ್ಕರ ಸುಮಾರಿಗೆ ಕೈ ನಡುಗತೊಡಗಿತು, ಮೈಯೆಲ್ಲ ತಣ್ಣನೆಯ ಬೆವರು, ಮಾತು ತೊದಲಿತು. ವ್ರತದ ಆಯಾಸವೆಂದು ಮಲಗಿಸಿಬಿಟ್ಟಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ಹುಡುಗಿ ಮನೆಯಲ್ಲಿದ್ದ ಯಂತ್ರದಿಂದ ಬೆರಳ ರಕ್ತ ಪರೀಕ್ಷಿಸಿದಳು: 54. ಅದು 70ಕ್ಕಿಂತ ಕೆಳಗಿಳಿದರೆ ಅಪಾಯ. ಕೂಡಲೇ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದಳು. ಹದಿನೈದು ನಿಮಿಷ ಬಿಟ್ಟು ನೋಡಿದರೆ 83. ಅನಂತರ ಅರ್ಧ ರೊಟ್ಟಿ, ಬೇಳೆ ಉಣಿಸಿದಳು. ದೊಡ್ಡವ್ವ ವ್ರತ ಕೆಟ್ಟಿತೆಂದು ಅತ್ತಳಂತೆ.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಒಂದು ಹಾಸ್ಯದ ಮಾತು ಒಬ್ಬ ಮುದುಕಿಯ ಪ್ರಾಣವನ್ನು ಎಲ್ಲಿಗೆ ಒಯ್ದಿತ್ತು! ಅತಿಯಾಗಿ ತಿನ್ನುವುದು ತಪ್ಪೆಂದು ಹೇಳಿದ ನಾನು, ಏನೂ ತಿನ್ನದಿರುವುದು ಆಕೆಗೆ ಅದಕ್ಕಿಂತ ದೊಡ್ಡ ತಪ್ಪೆಂದು ಹೇಳಿರಲಿಲ್ಲ.

ಇದು ಒಂದು ಮನೆಯ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನ ಮಧುಮೇಹಿಗಳಿದ್ದಾರೆ. ಅವರಲ್ಲಿ ಏಕಾದಶಿ, ಸೋಮವಾರ, ರೋಜಾಗಳನ್ನು ಆಚರಿಸುವವರು ಅಸಂಖ್ಯರು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ, ಗ್ಲಿಮೆಪಿರೈಡ್, ಗ್ಲಿಬೆನ್ಕ್ಲಮೈಡ್‌ನಂಥ ಗುಳಿಗೆ ನುಂಗುವವರಿಗೂ ಊಟ ಬಿಟ್ಟರೆ ಸಕ್ಕರೆ ಕುಸಿಯುವ ಭಯ ಹೆಚ್ಚು. ಏಕೆಂದರೆ ಹೊಟ್ಟೆಗೆ ಅನ್ನ ಬಿದ್ದಿರಲಿ ಬಿಡಲಿ, ಈ ಔಷಧಗಳು ತಮ್ಮ ಕೆಲಸ ನಡೆಸುತ್ತವೆ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಿಗೆ ಈ ಭಯ ಕಡಿಮೆ. ಯಾರಿಗೆ ಯಾವುದು, ಎಷ್ಟು ಎಂಬುದನ್ನು ವ್ರತಕ್ಕೆ ಮುಂಚೆಯೇ ವೈದ್ಯರಿಂದ ಕೇಳಿ ತಿಳಿಯಬೇಕು. ತಾವಾಗಿಯೇ ಗುಳಿಗೆ ಬಿಡುವುದೂ ಅಪಾಯವೇ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ತೂಕ ಕಡಿಮೆಯಿರುವವರು—ಇವರಿಗಂತೂ ಹೊತ್ತಿನ ಊಟ ಬಿಡುವ ಪ್ರಯೋಗವೇ ಸಲ್ಲದು.

ಧರ್ಮ ಏನೆನ್ನುತ್ತದೆ?

ದೊಡ್ಡವ್ವನ ಕಣ್ಣೀರಿಗೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ. ಅದನ್ನು ಧರ್ಮದಲ್ಲಿಯೇ ಹುಡುಕಬೇಕು. ಹುಡುಕಿದರೆ ಅಲ್ಲಿ ದೊರೆಯುವುದು ಕಾಠಿಣ್ಯವಲ್ಲ, ಕರುಣೆ. ನೀರು, ಗೆಡ್ಡೆ, ಹಣ್ಣು, ಹಾಲು ಇವುಗಳಿಂದ ವ್ರತಭಂಗವಾಗದೆಂದು ಹೇಳಿದ ಪ್ರಾಚೀನರು ಅದೇ ಪಟ್ಟಿಯಲ್ಲಿ ಔಷಧವನ್ನೂ ಸೇರಿಸಿದ್ದಾರೆ. ರಂಜಾನಿನ ರೋಜಾದಲ್ಲಿಯೂ ರೋಗಿಗಳಿಗೂ ಪ್ರಯಾಣಿಕರಿಗೂ ವಿನಾಯಿತಿ ಇದ್ದು, ಬಿಟ್ಟ ದಿನಗಳನ್ನು ಮುಂದೆ ಪೂರೈಸಬಹುದೆಂದು ಕುರಾನಿನಲ್ಲಿಯೇ ಹೇಳಿದೆ. ಸಕ್ಕರೆ ಕುಸಿದವಳಿಗೆ ಮೂರು ಚಮಚ ಸಕ್ಕರೆ ಔಷಧವಲ್ಲದೆ ಮತ್ತೇನು? ಮೊದಲ ಸೋಮವಾರದ ಉಂಡಿ ರುಚಿಗಾಗಿ. ಎರಡನೆಯ ಸೋಮವಾರದ ಸಕ್ಕರೆ ಪ್ರಾಣಕ್ಕಾಗಿ. ಎರಡನ್ನೂ 'ನಡುವೆ ತಿಂದದ್ದು' ಎಂಬ ಒಂದೇ ಹೆಸರಿನಿಂದ ಕರೆಯುವುದರಲ್ಲಿಯೇ ನಮ್ಮ ತಪ್ಪು ಅಡಗಿದೆ.

ಆದುದರಿಂದ ಪ್ರಶ್ನೆಗೆ ಉತ್ತರ ಹೀಗೆ. ಆರೋಗ್ಯವಂತರು ಬಿಡುವಿನ ವೇಳೆಯಲ್ಲಿ ಬಾಯಾಡಿಸದಿರುವುದು ಒಳ್ಳೆಯದು. ಉಣ್ಣುವ ವೇಳೆಯಲ್ಲಿ ರೊಟ್ಟಿ, ಕಾಳು, ಪಲ್ಯ, ಮೊಸರಿನ ಪೂರ್ಣ ಊಟ ಮಾಡಬೇಕು. ಎರಡು ಊಟಗಳ ನಡುವೆ ತಡೆಯಲಾಗದವರು ಒಂದು ಮುಷ್ಟಿ ಹುರಿದ ಶೇಂಗಾವನ್ನೋ ಮೊಳಕೆ ಕಾಳನ್ನೋ ಆಯ್ದುಕೊಳ್ಳಲಿ; ಸಾಬೂದಾಣಿಯನ್ನೂ ಸಿಹಿಯನ್ನೂ ಅಲ್ಲ. ಹಸಿವಿನ ಅಲೆ ಬಂದರೆ ಕಾಯಬಹುದು. ನಡುಕ, ತಣ್ಣನೆಯ ಬೆವರು, ಕಣ್ಣು ಕತ್ತಲೆ, ಗೊಂದಲ ಬಂದರೆ ಒಂದು ಕ್ಷಣವೂ ಕಾಯಬಾರದು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮೂರನೆಯ ಸೋಮವಾರದ ಮುನ್ನಾದಿನ ನಾನು ಮತ್ತೆ ಹಿಪ್ಪರಗಿಗೆ ಹೋದೆ. ಆ ನಡುವೆ ಮೊಮ್ಮಗಳು ಆಕೆಯನ್ನು ವೈದ್ಯರ ಬಳಿಗೆ ಕರೆದೊಯ್ದಿದ್ದಳು. ಅವರು ಉಪವಾಸ ಬೇಡವೆನ್ನಲಿಲ್ಲ. ಸೋಮವಾರದ ಗುಳಿಗೆಯ ಕ್ರಮವನ್ನು ಬದಲಿಸಿ, ಮಧ್ಯಾಹ್ನಕ್ಕೆ ಒಂದು ಬಟ್ಟಲು ಮೊಸರು, ಒಂದು ಮುಷ್ಟಿ ಶೇಂಗಾ, ಒಂದು ಸಣ್ಣ ಹಣ್ಣು ಎಂದು ಗೊತ್ತುಮಾಡಿ ಕಳುಹಿಸಿದ್ದರು. ನಾನು ದೊಡ್ಡವ್ವನ ಕಾಲು ಮುಟ್ಟಿ ತಪ್ಪಾಯಿತೆಂದೆ. ಆಕೆ ನನ್ನ ತಲೆಯ ಮೇಲೆ ಕೈಯಿಟ್ಟು, "ಇರಲಿ ಬಿಡೋ ತಮ್ಮಾ. ನೀ ಅಂದಿದ್ದೂ ಸುಳ್ಳಲ್ಲ; ಆ ಖಿಚಡಿ ಜರಾ ಹೆಚ್ಚ ಆಗತಿತ್ತು" ಎಂದಳು.

ಮರುದಿನ ದೇವರ ಜಗಲಿಯ ಮೇಲೆ ಬಿಲ್ವಪತ್ರೆಯ ಬುಟ್ಟಿಯ ಪಕ್ಕದಲ್ಲಿ ಹೊಸದೊಂದು ಸಣ್ಣ ಡಬ್ಬಿ ಇತ್ತು. ತೆರೆದು ನೋಡಿದೆ, ಒಳಗೆ ಸಕ್ಕರೆ. "ಇದು ಯಾಕ ಇಲ್ಲಿ, ದೊಡ್ಡವ್ವಾ?" ಎಂದು ಕೇಳಿದೆ.

"ಬೇಕಾದಾಗ ಹುಡುಕಾಡಬಾರದು ಅಂತ ಇಟ್ಟೀನಿ" ಎಂದಳಾಕೆ. "ಮಹಾದೇವನ ಮುಂದ ಇಟ್ಟ ಮ್ಯಾಲ ಅದು ಪ್ರಸಾದ ಆತಲ್ಲ!"